ಐದು ಬೋರ್ಡ್‌ಗೂ ಹತ್ತು ಬೋರ್ಡ್‌ಗೂ ಹೆಚ್ಚುಕಮ್ಮಿ ಒಂದೇ ರೇಟು ಯಾಕೆ? ಸಣ್ಣ ಪಿಸಿಬಿ ಆರ್ಡರ್‌ನ ಖರ್ಚಿನ ಲೆಕ್ಕ

ತೋಟದ ಬೋರ್‌ವೆಲ್ ಮೋಟಾರನ್ನು ಫೋನಿನಿಂದಲೇ ಆನ್ ಮಾಡುವ ಸಣ್ಣ ಸರ್ಕ್ಯೂಟ್ ಒಂದನ್ನು ನೀವು ಮಾಡಿದ್ದೀರಿ ಅಂದುಕೊಳ್ಳಿ. ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಭಾಗಗಳನ್ನು ಚುಚ್ಚಿ ಜೋಡಿಸುವ ಹಲಗೆ) ಮೇಲೆ ಚೆನ್ನಾಗಿ ಓಡುತ್ತಿದೆ. ನೆಂಟರೊಬ್ಬರು ನೋಡಿ ನಮಗೂ ಒಂದು ಬೇಕು ಅಂದರು, ಅವರ ಪಕ್ಕದ ತೋಟದವರೂ ಕೇಳಿದರು. ಈಗ ಹತ್ತು ಬೇಕು. ಹತ್ತಕ್ಕೂ ಕೈಯಲ್ಲಿ ವೈರ್ ಎಳೆದು ಬೆಸುಗೆ ಹಾಕುತ್ತಾ ಕೂತರೆ ಯುಗಾದಿಗೆ ಶುರು ಮಾಡಿದ್ದು ದೀಪಾವಳಿಗೆ ಮುಗಿದೀತು. ಸರಿ, ಪಿಸಿಬಿ, ಅಂದರೆ ವೈರಿಂಗ್ ಹಲಗೆಯ ಮೇಲೇ ಮೂಡಿರುವ ಬೋರ್ಡ್, ಮಾಡಿಸೋಣ ಅಂತ ರೇಟು ಕೇಳುತ್ತೀರಿ.

ಆಗ ತಲೆ ತಿರುಗುತ್ತದೆ. ಐದು ಬೋರ್ಡ್‌ಗೆ ಒಂದು ಬೆಲೆ, ಹತ್ತಕ್ಕೆ ಅದಕ್ಕಿಂತ ಸ್ವಲ್ಪವೇ ಜಾಸ್ತಿ, ಐವತ್ತಕ್ಕೆ ಕೇಳಿದರೆ ಒಂದೊಂದರ ಬೆಲೆ ಕಾಲು ಭಾಗಕ್ಕಿಂತ ಕೆಳಗೆ. ಇನ್ನೊಂದು ಕಡೆ ಬೋರ್ಡ್ ತುಂಬಾ ಅಗ್ಗ, ಆದರೆ ಕೊರಿಯರ್ ಖರ್ಚು ಬೋರ್ಡ್‌ಗಿಂತ ಹಲವು ಪಟ್ಟು. ಇದೇನು ಮೋಸನಾ? ಅಲ್ಲ. ಸಣ್ಣ ಆರ್ಡರ್‌ನಲ್ಲಿ ನೀವು ದುಡ್ಡು ಕೊಡುವುದು ಮುಖ್ಯವಾಗಿ ಬೋರ್ಡ್‌ಗಲ್ಲ. ಅದರ ತಯಾರಿಗೆ, ಸಾಗಣೆಗೆ, ಮತ್ತು ನಿಮ್ಮದೇ ತಪ್ಪುಗಳಿಗೆ. ಈ ಮೂರನೆಯದನ್ನು ಯಾರೂ ಕೊಟೇಶನ್‌ನಲ್ಲಿ ಬರೆಯುವುದಿಲ್ಲ.

ಬೋರ್ಡ್ ಅಂದರೆ ಏನು, ಹೇಗೆ ಮಾಡುತ್ತಾರೆ

ಪಿಸಿಬಿ ಅಂದರೆ ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿ ಅಂಟಿನಲ್ಲಿ ಗಟ್ಟಿ ಮಾಡಿದ ಹಲಗೆ, ಮೇಲೆ ಕೆಳಗೆ ತಾಮ್ರದ ತೆಳು ಹಾಳೆ. ಈ ಹಲಗೆಗೆ ಎಫ್‌ಆರ್-4 ಎಂದು ಹೆಸರು. ಸಾಮಾನ್ಯ ದಪ್ಪ 1.6 ಮಿ.ಮೀ. ತಾಮ್ರದ ದಪ್ಪ 35 ಮೈಕ್ರಾನ್, ಅಂಗಡಿಯವರ ಭಾಷೆಯಲ್ಲಿ ಒಂದು ಔನ್ಸ್ ತಾಮ್ರ. ಬೇಡದ ತಾಮ್ರವನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆದರೆ ಉಳಿಯುವುದೇ ನಿಮ್ಮ ವೈರಿಂಗ್. ಅದಕ್ಕೆ ಟ್ರ್ಯಾಕ್ ಅನ್ನುತ್ತಾರೆ.

ಕೇಳಲು ಸುಲಭ. ಆದರೆ ಫ್ಯಾಕ್ಟರಿಯಲ್ಲಿ ಹಂತಗಳು ಒಂದೆರಡಲ್ಲ. ಮೊದಲು ತೂತು ಕೊರೆಯಬೇಕು, ಆ ತೂತಿನ ಒಳಗೋಡೆಗೆ ತಾಮ್ರ ಹತ್ತಿಸಬೇಕು (ಮೇಲಿನ ಟ್ರ್ಯಾಕ್ ಕೆಳಗಿನದಕ್ಕೆ ಸೇರುವುದು ಹೀಗೆ), ಟ್ರ್ಯಾಕ್‌ಗಳ ಚಿತ್ರ ಮೂಡಿಸಬೇಕು, ತಾಮ್ರ ಕರಗಿಸಬೇಕು, ಹಸಿರು ಲೇಪ ಬಳಿಯಬೇಕು, ಬೆಸುಗೆ ಹಿಡಿಯುವ ಜಾಗಕ್ಕೆ ತವರ ಅಥವಾ ಚಿನ್ನದ ಲೇಪ ಕೊಡಬೇಕು, ಬಿಳಿ ಅಕ್ಷರ ಮುದ್ರಿಸಬೇಕು, ಕತ್ತರಿಸಬೇಕು, ಕೊನೆಗೆ ಎಲ್ಲಾದರೂ ಶಾರ್ಟ್ ಆಗಿದೆಯಾ ಅಂತ ಪರೀಕ್ಷಿಸಬೇಕು. ಒಂದು ಬೋರ್ಡ್ ಆದರೂ ಇಷ್ಟೇ ಹಂತ, ಸಾವಿರ ಆದರೂ ಇಷ್ಟೇ.

ನೀವು ಕೊಡಬೇಕಾದ್ದು ಗರ್ಬರ್ ಫೈಲ್. ಒಂದೊಂದು ಪದರದ ಚಿತ್ರಕ್ಕೂ ಒಂದೊಂದು ಫೈಲ್, ಜೊತೆಗೆ ತೂತುಗಳ ಪಟ್ಟಿಯ ಡ್ರಿಲ್ ಫೈಲ್. ಇವನ್ನೆಲ್ಲ ಕೈಕ್ಯಾಡ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲೇ ಮಾಡಬಹುದು. ಸಾಫ್ಟ್‌ವೇರ್‌ಗೆ ದುಡ್ಡು ಖರ್ಚು ಮಾಡಬೇಕಾದ ಕಾಲ ಹೋಯಿತು, ಅದೊಂದು ನೆಮ್ಮದಿ.

ಮದುವೆ ಕಾರ್ಡಿನ ಲೆಕ್ಕ

ಮದುವೆ ಕಾರ್ಡ್ ಮಾಡಿಸಲು ಪ್ರೆಸ್‌ಗೆ ಹೋಗಿ ಐವತ್ತು ಕಾರ್ಡ್ ಸಾಕು ಅಂದರೆ ಅವರು ಏನು ಹೇಳುತ್ತಾರೆ? "ಐವತ್ತಕ್ಕೂ ಇನ್ನೂರಕ್ಕೂ ದೊಡ್ಡ ವ್ಯತ್ಯಾಸ ಇಲ್ಲ ಸಾರ್, ಇನ್ನೂರೇ ಹಾಕಿಸಿಬಿಡಿ." ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಪ್ಲೇಟ್ ಮಾಡುವುದು, ಮೆಷಿನ್ ತೊಳೆದು ಇಂಕ್ ಹಾಕುವುದು, ಒಂದೆರಡು ಹಾಳೆ ಹಾಳು ಮಾಡಿ ಸರಿ ಮಾಡಿಕೊಳ್ಳುವುದು, ಇದೆಲ್ಲ ಮೊದಲ ಕಾರ್ಡ್ ಹೊರಬರುವ ಮುಂಚೆಯೇ ಆಗುವ ಕೆಲಸ. ಪಿಸಿಬಿಯಲ್ಲೂ ಹಾಗೆಯೇ. ನಿಮ್ಮ ಫೈಲ್ ಅನ್ನು ಒಬ್ಬರು ಕೂತು ನೋಡುತ್ತಾರೆ, ಮೆಷಿನ್‌ಗೆ ತಕ್ಕಂತೆ ಹೊಂದಿಸುತ್ತಾರೆ, ಡ್ರಿಲ್ ಮೆಷಿನ್‌ಗೆ, ಪರೀಕ್ಷೆಯ ಮೆಷಿನ್‌ಗೆ ಪ್ರೋಗ್ರಾಂ ಬರೆಯುತ್ತಾರೆ. ಇದಕ್ಕೆ ಟೂಲಿಂಗ್ ಖರ್ಚು ಅನ್ನುತ್ತಾರೆ. ಕೆಲವರು ಬಿಲ್‌ನಲ್ಲಿ ಬೇರೆ ತೋರಿಸುತ್ತಾರೆ, ಕೆಲವರು ಬೋರ್ಡ್ ಬೆಲೆಯೊಳಗೆ ಸೇರಿಸಿಬಿಡುತ್ತಾರೆ.

ಲೆಕ್ಕ ಸುಲಭವಾಗಲಿ ಅಂತ ಒಂದು ಊಹೆಯ ಉದಾಹರಣೆ ನೋಡೋಣ. ತಯಾರಿಗೆ 2,000 ರೂಪಾಯಿ, ಆಮೇಲೆ ಪ್ರತಿ ಬೋರ್ಡ್‌ನ ಸಾಮಾನು ಮತ್ತು ಕೆಲಸಕ್ಕೆ 60 ರೂಪಾಯಿ ಅಂತಿಟ್ಟುಕೊಳ್ಳಿ. ಐದು ಬೋರ್ಡ್‌ಗೆ ಒಟ್ಟು 2,300, ಅಂದರೆ ಒಂದಕ್ಕೆ 460. ಹತ್ತಕ್ಕೆ 2,600, ಒಂದಕ್ಕೆ 260. ಐವತ್ತಕ್ಕೆ 5,000, ಒಂದಕ್ಕೆ ನೂರೇ ರೂಪಾಯಿ. ಇನ್ನೂರಕ್ಕೆ ಹೋದರೆ 70. ಐದರಿಂದ ಐವತ್ತಕ್ಕೆ ಹೋಗುವಾಗ ಬೆಲೆ ದಡಕ್ಕನೆ ಇಳಿಯಿತು, ಐವತ್ತರಿಂದ ಇನ್ನೂರಕ್ಕೆ ಹೋಗುವಾಗ ಅಷ್ಟೇನೂ ಇಳಿಯಲಿಲ್ಲ, ಗಮನಿಸಿದಿರಾ? ಇಳಿಯಲು ಉಳಿದಿದ್ದೇ ಕಡಿಮೆ.

ಇಲ್ಲೊಂದು ಹಳ್ಳ ಇದೆ. "ಐವತ್ತು ತಗೊಂಡರೆ ಒಂದಕ್ಕೆ ನೂರೇ ರೂಪಾಯಿ" ಅಂತ ಆಸೆಪಟ್ಟು ಐವತ್ತು ಮಾಡಿಸಿದಿರಿ, ಬೇಕಾಗಿದ್ದು ಹತ್ತು. ಒಂದರ ಬೆಲೆ ಇಳಿಯಿತು, ನಿಜ. ಜೇಬಿನಿಂದ ಹೋಗಿದ್ದು ಮಾತ್ರ 2,400 ರೂಪಾಯಿ ಜಾಸ್ತಿ. ನೋಡಬೇಕಾದ್ದು ಒಟ್ಟು ಬಿಲ್ಲನ್ನು ಮತ್ತು ನಿಜವಾಗಿ ಬಳಸುವ ಬೋರ್ಡ್‌ಗಳ ಸಂಖ್ಯೆಯನ್ನು.

ಮೈಸೂರು ಪಾಕಿನ ತಟ್ಟೆ ಮತ್ತು ಶೇರ್ ಆಟೋ

ಫ್ಯಾಕ್ಟರಿ ನಿಮ್ಮ ಅಂಗೈ ಅಗಲದ ಬೋರ್ಡನ್ನು ಒಂದೊಂದಾಗಿ ಮಾಡುವುದಿಲ್ಲ. ದೊಡ್ಡ ಹಲಗೆಯ ಮೇಲೆ ಸಾಲಾಗಿ ಮೂಡಿಸಿ ಕೊನೆಗೆ ಕತ್ತರಿಸುತ್ತದೆ, ಮೈಸೂರು ಪಾಕನ್ನು ತಟ್ಟೆಗೆ ಸುರಿದು ಆಮೇಲೆ ತುಂಡು ಮಾಡಿದ ಹಾಗೆ. ಈ ಹಲಗೆಗೆ ಪ್ಯಾನೆಲ್ ಅನ್ನುತ್ತಾರೆ. 18 ಇಂಚು ಅಗಲ, 24 ಇಂಚು ಉದ್ದ ತುಂಬಾ ಬಳಕೆಯಲ್ಲಿರುವ ಅಳತೆ. ನಿಮ್ಮ ಒಂದೇ ಆರ್ಡರ್‌ಗೆ ಅಂತ ಪ್ಯಾನೆಲ್ ಹಾಕಿದರೆ, ನೀವು ಐದು ಬೋರ್ಡ್ ಕೇಳಿದರೂ ಇಡೀ ತಟ್ಟೆಯ ಖರ್ಚು ನಿಮ್ಮ ತಲೆಗೇ.

ಹಾಗಾದರೆ ಕೆಲವು ಕಡೆ ಬೋರ್ಡ್ ಅಷ್ಟು ಅಗ್ಗಕ್ಕೆ ಹೇಗೆ ಸಿಗುತ್ತದೆ? ಅದು ಶೇರ್ ಆಟೋ ಲೆಕ್ಕ. ಹತ್ತಾರು ಗಿರಾಕಿಗಳ ಬೇರೆ ಬೇರೆ ಡಿಸೈನ್‌ಗಳನ್ನು ಒಂದೇ ಪ್ಯಾನೆಲ್‌ನಲ್ಲಿ ಕೂರಿಸುತ್ತಾರೆ. ಇದಕ್ಕೆ ಪೂಲಿಂಗ್ ಎಂದು ಹೆಸರು. ಅಮೆರಿಕದ ಓಎಸ್‌ಎಚ್ ಪಾರ್ಕ್ ತನ್ನ ನೇರಳೆ ಬಣ್ಣದ ಬೋರ್ಡ್‌ಗಳನ್ನು ಹೀಗೇ ಮಾಡುತ್ತಾ ಬಂದಿದೆ. ಎರಡು ಪದರದ ಬೋರ್ಡಿಗೆ ಚದರ ಇಂಚಿಗೆ 5 ಡಾಲರ್, ಅದಕ್ಕೆ ಮೂರು ಪ್ರತಿ, ಇದು ಬಹಳ ಕಾಲದಿಂದ ಅವರ ಹೆಸರಿಗೆ ಅಂಟಿಕೊಂಡಿರುವ ರೇಟು. ಚೀನಾದ ಶೆನ್‌ಜೆನ್ ಕಡೆಯ ಜೆಎಲ್‌ಸಿಪಿಸಿಬಿಯಂಥ ಕಂಪನಿಗಳು ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿ, 100 ಮಿ.ಮೀ. ಉದ್ದ ಅಗಲದ ಒಳಗಿನ ಐದು ಬೋರ್ಡನ್ನು 2 ಡಾಲರ್‌ಗೆ ಕೊಡುವ ಮಟ್ಟಕ್ಕೆ ತಂದವು. ನಮ್ಮಲ್ಲೂ ಗುಜರಾತಿನ ಗಾಂಧಿನಗರದ ಪಿಸಿಬಿ ಪವರ್, ಬೆಂಗಳೂರಿನ ಲಯನ್ ಸರ್ಕ್ಯೂಟ್ಸ್ ಆನ್‌ಲೈನ್‌ನಲ್ಲೇ ಫೈಲ್ ತೆಗೆದುಕೊಂಡು ಸಣ್ಣ ಸಂಖ್ಯೆಗೂ ರೇಟು ಕೊಡುತ್ತವೆ.

ಶೇರ್ ಆಟೋ ಅಂದಮೇಲೆ ಅದು ಹೋಗುವ ದಾರಿಯಲ್ಲೇ ಹೋಗಬೇಕು, ಅಲ್ವಾ? ಎಲ್ಲರಿಗೂ ಒಂದೇ ದಪ್ಪ, ಒಂದೇ ತಾಮ್ರ, ಒಂದೇ ಲೇಪ. ನಿಮಗೆ 0.8 ಮಿ.ಮೀ. ದಪ್ಪವೋ 70 ಮೈಕ್ರಾನ್ ತಾಮ್ರವೋ ಬೇಕು ಅಂದ ತಕ್ಷಣ ಆ ಆಟೋದಿಂದ ಇಳಿದು ಟ್ಯಾಕ್ಸಿ ಹಿಡಿದಂತೆ. ಹಾಗಾಗಿ ಡಿಸೈನ್ ಶುರು ಮಾಡುವ ಮುಂಚೆಯೇ ಆ ಕಂಪನಿಯ ಅಗ್ಗದ ದರಕ್ಕೆ ಏನೇನು ಮಿತಿ ಇದೆ ಅಂತ ಓದಿ ಇಟ್ಟುಕೊಳ್ಳಿ. ಬೋರ್ಡ್ ಮುಗಿಸಿದ ಮೇಲೆ 104 ಮಿ.ಮೀ. ಆಗಿದೆ ಅಂತ ಗೊತ್ತಾದರೆ ಆ ನಾಲ್ಕು ಮಿಲಿಮೀಟರ್‌ಗೆ ಬೆಲೆ ಬೇರೆ ಮೆಟ್ಟಿಲಿಗೇ ಹತ್ತಿಬಿಡುತ್ತದೆ.

ಬೆಲೆ ಏರಿಸುವ ಸಂಗತಿಗಳು

ಇವುಗಳಲ್ಲಿ ಅಳತೆಯೇ ಮೊದಲನೆಯದು, ಅದನ್ನು ಹೇಳಿಯಾಯಿತು. ಎರಡನೆಯದು ಪದರಗಳು. ಎರಡು ಪದರದ ಬೋರ್ಡ್ ಒಂದೇ ಹಲಗೆ. ನಾಲ್ಕು ಪದರ ಅಂದರೆ ಒಳಗಿನ ಎರಡು ಪದರ ಬೇರೆ ಮಾಡಿ, ಬಿಸಿ ಮಾಡಿ ಒತ್ತಿ ಅಂಟಿಸಬೇಕು. ಕೆಲಸ ಜಾಸ್ತಿ, ಬೆಲೆಯೂ ಜಾಸ್ತಿ. ಹಾಗಂತ ನಾಲ್ಕು ಪದರ ಅಂದರೆ ಹೆದರಿ ಓಡುವುದೂ ಬೇಡ. ವೈಫೈ ಅಥವಾ ವೇಗದ ಸಿಗ್ನಲ್ ಇರುವ ಬೋರ್ಡನ್ನು ಎರಡೇ ಪದರದಲ್ಲಿ ತುರುಕಲು ಹೋಗಿ ವಾರಗಟ್ಟಲೆ ಒದ್ದಾಡಿ, ಕೊನೆಗೆ ಅದೂ ಸರಿಯಾಗಿ ಓಡದೆ ಮತ್ತೆ ಮಾಡಿಸುವುದಕ್ಕಿಂತ ಮೊದಲೇ ನಾಲ್ಕು ಪದರಕ್ಕೆ ಹೋಗುವುದು ಎಷ್ಟೋ ಸಲ ಅಗ್ಗವಾಗುತ್ತದೆ.

ಟ್ರ್ಯಾಕ್ ಸಣ್ಣದಾದಷ್ಟೂ, ತೂತು ಸಣ್ಣದಾದಷ್ಟೂ ದುಬಾರಿ. 0.2 ಮಿ.ಮೀ. ಅಗಲದ ಟ್ರ್ಯಾಕ್, ಅಷ್ಟೇ ಅಂತರ, 0.3 ಮಿ.ಮೀ. ತೂತು, ಇಷ್ಟನ್ನು ಹೆಚ್ಚಿನವರು ಮೂಲ ದರದಲ್ಲೇ ಮಾಡುತ್ತಾರೆ. ಜಾಗ ಇದ್ದರೆ ಇನ್ನೂ ಅಗಲ ಬಿಡಿ. ಸುಮ್ನೆ ಶೋಕಿಗೆ ಸಣ್ಣ ಮಾಡಬೇಡಿ.

ಬೆಸುಗೆ ಹಿಡಿಯುವ ಜಾಗದ ಲೇಪದಲ್ಲಿ ಎರಡು ಮುಖ್ಯ. ಕರಗಿದ ತವರದಲ್ಲಿ ಮುಳುಗಿಸಿ ಬಿಸಿ ಗಾಳಿಯಲ್ಲಿ ಸಮ ಮಾಡುವುದು ಒಂದು, ಅದು ಅಗ್ಗ. ನಿಕ್ಕಲ್ ಮೇಲೆ ತೆಳ್ಳಗೆ ಚಿನ್ನ ಹಾಕುವುದು ಇನ್ನೊಂದು. ಕಾಲುಗಳು ತೀರಾ ಹತ್ತಿರ ಇರುವ ಚಿಪ್‌ಗೆ ಚಿನ್ನದ್ದು ಒಳ್ಳೆಯದು, ಯಾಕೆಂದರೆ ಅದು ಸಮತಟ್ಟು. ಬರೀ ರಿಲೇ, ರೆಸಿಸ್ಟರ್ ಕೂರಿಸುವ ಬೋರ್ಡ್‌ಗೆ ಚಿನ್ನ ಬೇಕಿಲ್ಲ. ಬಣ್ಣದ ವಿಷಯಕ್ಕೆ ಬಂದರೆ ಹಸಿರೇ ಅಗ್ಗ, ಬೇಗ ಸಿಗುವುದೂ ಅದೇ. ಕಪ್ಪು ಚೆಂದ ಕಾಣುತ್ತದೆ, ಆದರೆ ಅದರಲ್ಲಿ ಟ್ರ್ಯಾಕ್ ಕಣ್ಣಿಗೆ ಕಾಣದೆ ರಿಪೇರಿ ಮಾಡುವವರು ಶಾಪ ಹಾಕುತ್ತಾರೆ.

ಒಂದು ಕಡೆ ಮಾತ್ರ ಜಾಗ ಉಳಿಸಲು ಹೋಗಬೇಡಿ. ಕರೆಂಟಿನ ಮೇನ್ ಲೈನ್ ಬೋರ್ಡ್ ಮೇಲೆ ಬರುವುದಾದರೆ, ಆ ಟ್ರ್ಯಾಕ್‌ಗಳಿಗೂ ನೀವು ಮುಟ್ಟುವ 5 ವೋಲ್ಟ್ ಭಾಗಕ್ಕೂ ನಡುವೆ ಧಾರಾಳವಾಗಿ ಅಂತರ ಇರಲಿ. ಅಲ್ಲಿ ಉಳಿಸುವ ಹತ್ತು ರೂಪಾಯಿ ಪ್ರಾಣಕ್ಕೆ ಬರುತ್ತದೆ.

ಸಾಗಣೆ ಮತ್ತು ತೆರಿಗೆ

2 ಡಾಲರ್ ಬೋರ್ಡ್‌ನ ಗುಟ್ಟು ಇಲ್ಲಿ ರಟ್ಟಾಗುತ್ತದೆ. ಹೊರದೇಶದಿಂದ ಎಕ್ಸ್‌ಪ್ರೆಸ್ ಕೊರಿಯರ್‌ನಲ್ಲಿ ತರಿಸಿದರೆ ಸಾಗಣೆ ಬೋರ್ಡ್ ಬೆಲೆಯನ್ನು ಸಲೀಸಾಗಿ ದಾಟುತ್ತದೆ. ಅದರ ಮೇಲೆ ತೆರಿಗೆ. ತೆರಿಗೆ ಲೆಕ್ಕ ಹಾಕುವುದು ಬರೀ ಬೋರ್ಡಿನ ಬೆಲೆಗಲ್ಲ, ಸಾಗಣೆ ಮತ್ತು ವಿಮೆ ಸೇರಿಸಿದ ಮೊತ್ತಕ್ಕೆ. ಅಂದರೆ ಕೊರಿಯರ್ ಖರ್ಚಿಗೂ ನೀವು ತೆರಿಗೆ ಕಟ್ಟುತ್ತೀರಿ. ಬೋರ್ಡ್‌ಗಳ ಮೇಲೆ ಜಿಎಸ್‌ಟಿ 18 ಶೇಕಡ. ಚೀನಾ ಮತ್ತು ಹಾಂಗ್‌ಕಾಂಗ್‌ನಿಂದ ಬರುವ, ಆರು ಪದರದವರೆಗಿನ ಖಾಲಿ ಬೋರ್ಡ್‌ಗಳ ಮೇಲೆ ಭಾರತ 2024ರಲ್ಲಿ ಆಂಟಿ ಡಂಪಿಂಗ್ ಸುಂಕವನ್ನೂ ಹಾಕಿದೆ. ಡಂಪಿಂಗ್ ಅಂದರೆ ಹೊರಗಿನವರು ತೀರಾ ಕಡಿಮೆ ಬೆಲೆಗೆ ಮಾಲು ತಂದು ಸುರಿಯುವುದು. ಇಲ್ಲಿನ ತಯಾರಕರನ್ನು ಅದರಿಂದ ಕಾಪಾಡಲು ಹಾಕುವ ಹೆಚ್ಚುವರಿ ಸುಂಕ ಇದು. ಇದೆಲ್ಲದರ ಜೊತೆಗೆ ನಿಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ ಕೊರಿಯರ್ ಕಂಪನಿ ತನ್ನದೂ ಒಂದು ಶುಲ್ಕ ಸೇರಿಸುತ್ತದೆ. ಕೆವೈಸಿ ಕಾಗದ ಕೊಡುವುದು ತಡವಾದರೆ ಪಾರ್ಸೆಲ್ ಅಲ್ಲೇ ಕೂತಿರುತ್ತದೆ.

ಆದ್ದರಿಂದ ಹೋಲಿಸುವಾಗ ಎರಡೂ ಕಡೆ ಮನೆ ಬಾಗಿಲಿಗೆ ಬರುವ ಹೊತ್ತಿನ ಒಟ್ಟು ಮೊತ್ತವನ್ನೇ ಬರೆದು ನೋಡಿ. ಸಣ್ಣ ಎರಡು ಪದರದ ಬೋರ್ಡ್ ಹತ್ತೋ ಇಪ್ಪತ್ತೋ ಬೇಕಾದಾಗ ಇಲ್ಲಿಯದೇ ಲಾಭ ಅನ್ನಿಸುವುದು ಅಪರೂಪವೇನಲ್ಲ. ಮೂರು ನಾಲ್ಕು ಡಿಸೈನ್ ಒಟ್ಟಿಗೆ ಇದ್ದರೆ ಆಗ ಒಂದೇ ಪಾರ್ಸೆಲ್‌ನಲ್ಲಿ ಹೊರಗಿನಿಂದ ತರಿಸುವುದಕ್ಕೆ ಅರ್ಥ ಬರುತ್ತದೆ, ಸಾಗಣೆ ಹಂಚಿಹೋಗುತ್ತದಲ್ಲ. ನಿಮ್ಮದು ಜಿಎಸ್‌ಟಿ ನೋಂದಣಿ ಆದ ಉದ್ಯಮವಾದರೆ ಆ 18 ಶೇಕಡವನ್ನು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಹೊಂದಿಸಿಕೊಳ್ಳಬಹುದು. ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗೆ ಆ ದಾರಿ ಇಲ್ಲ. ಒಂದೇ ಬೋರ್ಡ್, ಇಬ್ಬರಿಗೆ ಎರಡು ಬೆಲೆ.

ಇನ್ನು ಅವಸರ. ನಾಳಿದ್ದೇ ಬೇಕು ಅಂದರೆ ಫ್ಯಾಕ್ಟರಿ ಬೇರೆಯವರ ಕೆಲಸ ಬದಿಗಿಟ್ಟು ನಿಮ್ಮದನ್ನು ಹತ್ತಿಸಬೇಕು, ಅದಕ್ಕೆ ದುಡ್ಡು ಕೇಳುತ್ತದೆ. ಪ್ರಾಜೆಕ್ಟ್ ತೋರಿಸುವ ದಿನಕ್ಕೆ ವಾರ ಇರುವಾಗ ಆರ್ಡರ್ ಮಾಡುವವರೇ ಇದಕ್ಕೆ ಬಲಿ.

ಬಿಡಿಭಾಗಗಳು: ಸದ್ದಿಲ್ಲದೆ ಬೆಳೆಯುವ ಬಿಲ್ಲು

ಖಾಲಿ ಬೋರ್ಡ್ ಬಂತು. ಅದರ ಮೇಲೆ ಕೂರಿಸುವ ಸಾಮಾನು? ಸಣ್ಣ ಆರ್ಡರ್‌ನಲ್ಲಿ ಹೆಚ್ಚಿನ ಸಲ ಇದೇ ಬೋರ್ಡಿಗಿಂತ ದುಬಾರಿ. ಕೂರಿಸಿ ಬೆಸುಗೆ ಹಾಕುವ ಕೆಲಸವನ್ನೂ ಕಂಪನಿಗೇ ಕೊಟ್ಟರೆ ಮತ್ತೆ ಮದುವೆ ಕಾರ್ಡಿನ ಲೆಕ್ಕ ಶುರು. ಬೆಸುಗೆಯ ಪೇಸ್ಟ್ ಬಳಿಯಲು ಸ್ಟೀಲ್ ಸ್ಟೆನ್ಸಿಲ್ ಮಾಡಿಸಬೇಕು, ನಮ್ಮ ರಂಗೋಲಿ ಅಚ್ಚಿನ ಥರ, ತೂತಿದ್ದ ಕಡೆ ಮಾತ್ರ ಪೇಸ್ಟ್ ಬೀಳುತ್ತದೆ. ಮೆಷಿನ್‌ಗೆ ಒಂದೊಂದು ಬಗೆಯ ಭಾಗದ ಸುರುಳಿಯನ್ನೂ ಬೇರೆ ಬೇರೆ ಏರಿಸಬೇಕು. ಹೀಗಾಗಿ ಖರ್ಚು ನಿಂತಿರುವುದು ಎಷ್ಟು ಭಾಗ ಇವೆ ಅನ್ನುವುದಕ್ಕಿಂತ ಎಷ್ಟು ಬಗೆ ಇವೆ ಅನ್ನುವುದರ ಮೇಲೆ. ಜೆಎಲ್‌ಸಿಪಿಸಿಬಿಯಲ್ಲಿ ಮೆಷಿನ್‌ನಲ್ಲಿ ಸದಾ ಏರಿಸಿಟ್ಟಿರುವ ಭಾಗಗಳನ್ನು ಬೇಸಿಕ್ ಅನ್ನುತ್ತಾರೆ. ಅವನ್ನು ಬಿಟ್ಟು ಬೇರೆ ಬಗೆ ಕೇಳಿದರೆ ಬಗೆಗೆ ಇಷ್ಟು ಅಂತ ಡಾಲರ್ ಲೆಕ್ಕದಲ್ಲಿ ಸೇರುತ್ತಾ ಹೋಗುತ್ತದೆ.

ಇದು ಗೊತ್ತಿದ್ದರೆ ಡಿಸೈನ್ ಮಾಡುವಾಗಲೇ ಉಳಿಸಬಹುದು. ಸರ್ಕ್ಯೂಟ್‌ನಲ್ಲಿ ಒಂದು ಕಡೆ 9.1 ಕಿಲೋ ಓಮ್, ಇನ್ನೊಂದು ಕಡೆ 10, ಮತ್ತೊಂದು ಕಡೆ 12 ಇದೆ ಅಂದರೆ, ನಿಜವಾಗಿ ಬೇರೆ ಬೇರೆ ಬೇಕಾ ಅಂತ ಕೇಳಿಕೊಳ್ಳಿ. ಎಲ್‌ಇಡಿಗೂ ಪುಲ್‌ಅಪ್‌ಗೂ (ಚಿಪ್‌ನ ಕಾಲನ್ನು ಪವರ್ ಕಡೆಗೆ ಎಳೆದಿಡುವ ರೆಸಿಸ್ಟರ್) ಅಷ್ಟು ನಿಖರತೆ ಬೇಕಿಲ್ಲ, ಕೈಗೆ ಸಿಗುವ ಒಂದೆರಡು ಓಮ್ ಅಳತೆಗಳಲ್ಲೇ ಮುಗಿಸಿ. ನನ್ನ ಒಂದು ಬೋರ್ಡ್‌ನಲ್ಲಿ ಹೀಗೇ ಕೂತು ಜಾಲಿಸಿದಾಗ ಹದಿನಾಲ್ಕು ಬಗೆಯ ರೆಸಿಸ್ಟರ್ ಐದಕ್ಕೆ ಇಳಿಯಿತು.

ಹತ್ತು ಬೋರ್ಡ್‌ಗಾದರೆ ಕೈಯಲ್ಲೇ ಬೆಸುಗೆ ಹಾಕುವುದು ಅಗ್ಗ. 0805 ಅಳತೆಯ ಭಾಗಗಳನ್ನು (2 ಮಿ.ಮೀ. ಉದ್ದ, 1.25 ಮಿ.ಮೀ. ಅಗಲ) ಸ್ವಲ್ಪ ಅಭ್ಯಾಸ ಇರುವ ಯಾರಾದರೂ ಚಿಮಟದಲ್ಲಿ ಹಿಡಿದು ಕೂರಿಸಬಹುದು. ಅದಕ್ಕಿಂತ ಸಣ್ಣ ಹಾಕಿದರೆ ಸೀನಿದರೂ ಹಾರಿಹೋಗುತ್ತವೆ. ಕನೆಕ್ಟರ್, ರಿಲೇ, ರೆಸಿಸ್ಟರ್‌ಗೆ ಬೆಂಗಳೂರಿನ ಎಸ್‌ಪಿ ರಸ್ತೆಗೆ ಒಂದು ಸುತ್ತು ಹೋದರೆ ಸಾಕು, ಬಿಡಿಬಿಡಿಯಾಗಿ ಬೇಕಾದಷ್ಟೇ ಸಿಗುತ್ತವೆ. ಮುಖ್ಯ ಚಿಪ್ ಮಾತ್ರ ಅಧಿಕೃತ ವಿತರಕರಿಂದಲೇ ತರಿಸಿ. ಮತ್ತು ಬೋರ್ಡ್ ಆರ್ಡರ್ ಮಾಡುವ ಮುಂಚೆಯೇ ಆ ಚಿಪ್ ಸ್ಟಾಕ್ ಇದೆಯಾ ನೋಡಿ. 2021ರ ಚಿಪ್ ಬರಗಾಲದಲ್ಲಿ ಎಷ್ಟೋ ಜನರ ಹತ್ತಿರ ಬೋರ್ಡ್ ಇತ್ತು, ಮೇಲೆ ಕೂರಿಸಲು ಎಸ್‌ಟಿಎಂ32 ಅನ್ನುವ ಮುಖ್ಯ ಚಿಪ್ ಇರಲಿಲ್ಲ.

ತಪ್ಪಿನ ಬೆಲೆ

ಈಗ ನಾನು ಮೊದಲೇ ಹೇಳಿದ ಮೂರನೆಯ ಖರ್ಚು. ಒಮ್ಮೆ 7805 ರೆಗ್ಯುಲೇಟರ್ (5 ವೋಲ್ಟ್ ಕೊಡುವ ಭಾಗ) ಇದ್ದ ಹಳೆಯ ಡಿಸೈನ್ ಅನ್ನು 3.3 ವೋಲ್ಟ್‌ಗೆ, ಅಂದರೆ ಎಲ್‌ಎಂ1117 ರೆಗ್ಯುಲೇಟರ್‌ಗೆ, ಬದಲಿಸಬೇಕಾಯಿತು. ಎರಡಕ್ಕೂ ಮೂರು ಕಾಲು, ನೋಡಲು ಒಂದೇ ಆಕಾರ. ಅದೇ ಜಾಗಕ್ಕೆ ಎಲ್‌ಎಂ1117 ಅಂತ ಬರೆದು ಹತ್ತು ಬೋರ್ಡ್ ಮಾಡಿಸಿಬಿಟ್ಟೆ. 7805ರಲ್ಲಿ ಕಾಲುಗಳ ಕ್ರಮ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. ಎಲ್‌ಎಂ1117ರಲ್ಲಿ ಗ್ರೌಂಡ್, ಔಟ್‌ಪುಟ್, ಇನ್‌ಪುಟ್. ಮೂರೂ ಬೇರೆ! ಪವರ್ ಕೊಟ್ಟ ಮೊದಲ ಬೋರ್ಡ್ ವಾಸನೆಯಲ್ಲೇ ವಿಷಯ ತಿಳಿಸಿತು. ಉಳಿದ ಒಂಬತ್ತರಲ್ಲಿ ರೆಗ್ಯುಲೇಟರ್ ಅನ್ನು ಗಾಳಿಯಲ್ಲಿ ತಿರುಗಿಸಿ ನಿಲ್ಲಿಸಿ ವೈರ್ ಎಳೆದೆ. ಬಣ್ಣಕ್ಕೆ, ಲೇಪಕ್ಕೆ ಅಂತ ಕೂತು ಉಳಿಸಿದ್ದೆಲ್ಲ ಒಂದೇ ಏಟಿಗೆ ಹೋಯಿತು.

ಒಂದು ತಪ್ಪು ಅಂದರೆ ಮತ್ತೊಂದು ತಯಾರಿ ಖರ್ಚು, ಮತ್ತೊಂದು ಕೊರಿಯರ್, ಮತ್ತೆರಡು ವಾರ. ಹಾಗಾಗಿ ಸಣ್ಣ ಆರ್ಡರ್‌ನಲ್ಲಿ ದುಡ್ಡು ಉಳಿಸುವ ಅತಿ ಒಳ್ಳೆಯ ಉಪಾಯಕ್ಕೆ ಬೇಕಾಗುವುದು ಒಂದು ಎ4 ಹಾಳೆ. ಡಿಸೈನ್ ಅನ್ನು ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆಯಿರಿ, ಕೈಯಲ್ಲಿರುವ ರಿಲೇ, ಕನೆಕ್ಟರ್, ಚಿಪ್ ಎಲ್ಲವನ್ನೂ ಅದರ ಮೇಲೆ ಇಟ್ಟು ನೋಡಿ. ಕಾಲು ಚುಕ್ಕೆಯ ಮೇಲೆ ಕೂತಿತಾ? ಸ್ಕ್ರೂ ತಿರುಗಿಸಲು ಜಾಗ ಇದೆಯಾ? ಪೆಟ್ಟಿಗೆಯೊಳಗೆ ಹೋಗುತ್ತಾ? ಆಮೇಲೆ ಒಂದೊಂದು ಭಾಗದ ಡೇಟಾಶೀಟ್ (ತಯಾರಕರ ವಿವರದ ಹಾಳೆ) ತೆರೆದು ಕಾಲುಗಳ ಕ್ರಮ ಬೆರಳಿಟ್ಟು ತಾಳೆ ಮಾಡಿ. ಕೈಕ್ಯಾಡ್‌ನಲ್ಲಿ ಡಿಆರ್‌ಸಿ ಅಂತ ಒಂದು ತಪಾಸಣೆ ಇದೆ, ಟ್ರ್ಯಾಕ್ ತೀರಾ ಹತ್ತಿರ ಬಂದಿದ್ದರೆ ಹಿಡಿದುಕೊಡುತ್ತದೆ. ಆದರೆ ಕಾಲಿನ ಕ್ರಮ ನೀವೇ ತಪ್ಪಾಗಿ ಬರೆದಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ನನ್ನ ಬೋರ್ಡ್‌ಗೂ ಅದು ಪಾಸ್ ಅಂದಿತ್ತು.

ಅನುಮಾನ ಇರುವ ಕಡೆ ಬೋರ್ಡ್ ಮೇಲೇ ದಾರಿ ಬಿಟ್ಟುಕೊಳ್ಳಬಹುದು. ಟ್ರ್ಯಾಕ್ ನಡುವೆ ಸೊನ್ನೆ ಓಮ್ ರೆಸಿಸ್ಟರ್‌ಗೆ ಜಾಗ ಇಟ್ಟರೆ, ಬೇಡವಾದಾಗ ಅದನ್ನು ಕಿತ್ತು ಬೇರೆ ಕಡೆ ಜೋಡಿಸಬಹುದು. ಮೀಟರ್ ಕಡ್ಡಿ ಇಡಲು ನಾಲ್ಕು ಟೆಸ್ಟ್ ಪಾಯಿಂಟ್ ಇರಲಿ. ಇವಕ್ಕೆ ಫ್ಯಾಕ್ಟರಿ ಒಂದು ಪೈಸೆಯೂ ಜಾಸ್ತಿ ಕೇಳುವುದಿಲ್ಲ.

ಒಂದೇ ಒಂದು ಬೇಕು ಅನ್ನುವವರು ಪಿಸಿಬಿ ಮಾಡಿಸದೆಯೂ ಇರಬಹುದು. ತೂತುಗಳಷ್ಟೇ ಇರುವ ಜೀರೋ ಪಿಸಿಬಿ ಮೇಲೆ ವೈರ್ ಎಳೆದು ಮುಗಿಸಬಹುದು. ತಾಮ್ರದ ಹಲಗೆ ತಂದು ಫೆರಿಕ್ ಕ್ಲೋರೈಡ್‌ನಲ್ಲಿ ಮನೆಯಲ್ಲೇ ಕರಗಿಸಬಹುದು. ಆದರೆ ಅದರ ಕಲೆ ಬಟ್ಟೆಯಿಂದ, ನೆಲದಿಂದ ಹೋಗುವುದಿಲ್ಲ, ಉಳಿದ ನೀರನ್ನು ಬಚ್ಚಲಿಗೆ ಸುರಿಯಬಾರದು.

ಎರಡನೇ ಆರ್ಡರ್

ಮೊದಲು ಐದು ಮಾಡಿಸಿ, ನಾಲ್ಕು ದಿನ ಓಡಿಸಿ, ಆಮೇಲೆ ಐವತ್ತು. ಈ ದಾರಿಯಲ್ಲಿ ತಯಾರಿ ಖರ್ಚು ಎರಡು ಸಲ ಬರುತ್ತದೆ ಅಂತ ಕೆಲವರು ನೇರವಾಗಿ ಐವತ್ತಕ್ಕೆ ಹೋಗುತ್ತಾರೆ. ಮೇಲಿನ ಊಹೆಯ ಲೆಕ್ಕದಲ್ಲೇ ನೋಡಿ: ಐದರ ಟ್ರಯಲ್‌ಗೆ 2,300. ಟ್ರಯಲ್ ಇಲ್ಲದೆ ಐವತ್ತು ತಪ್ಪಾಗಿ ಬಂದರೆ 5,000, ಅದರ ಜೊತೆಗೆ ಕೂರಿಸಿದ ಸಾಮಾನೂ ಹೋಯಿತು. ಫೈಲ್‌ನಲ್ಲಿ ಏನೂ ಬದಲಿಲ್ಲದಿದ್ದರೆ ಎಷ್ಟೋ ತಯಾರಕರು ಎರಡನೇ ಸಲ ಟೂಲಿಂಗ್ ಹಣ ಕೇಳುವುದಿಲ್ಲ. ಮೊದಲ ರೇಟು ಕೇಳುವಾಗಲೇ ಇದನ್ನೂ ಕೇಳಿ ಬರೆಸಿಕೊಳ್ಳಿ.

ಅದಕ್ಕಾಗಿ ಯಾವ ಫೈಲ್ ಕಳಿಸಿದ್ದಿರೋ ಆ ಜಿಪ್ ಅನ್ನು ಹಾಗೇ ಎತ್ತಿಡಿ, ಬೋರ್ಡ್ ಮೇಲೆ ಬಿಳಿ ಅಕ್ಷರದಲ್ಲಿ ವರ್ಷನ್ ನಂಬರ್ ಮತ್ತು ತಾರೀಕು ಹಾಕಿಸಿ. ನನ್ನ ಡ್ರಾಯರ್‌ನಲ್ಲಿ ನಂಬರ್ ಇಲ್ಲದ ಹಸಿರು ಬೋರ್ಡ್‌ಗಳ ಒಂದು ಕಟ್ಟು ಇದೆ. ರೆಗ್ಯುಲೇಟರ್ ತಪ್ಪಾಗಿದ್ದು ಯಾವುದು, ಸರಿಯಾಗಿದ್ದು ಯಾವುದು ಅಂತ ಈಗಲೂ ಪ್ರತಿ ಸಲ ಮೀಟರ್ ಹಿಡಿದೇ ನೋಡಬೇಕು.